ತರಕಾರಿ ‘ತರಕ’ ಆಯ್ತು: ಏಜೆಂಟ್‌ಗೊಂದು ಕೈಪಿಡಿ

ಕೈತೋಟದ ಬಗ್ಗೆ ನನ್ನದೊಂದು ಪುಟ್ಟ ವೆಬ್‌ಸೈಟ್ ಇದೆ, ವರ್ಡ್‌ಪ್ರೆಸ್‌ನಲ್ಲಿ. ಹಳೆಯ ಲೇಖನಗಳ ಕಾಗುಣಿತ ತಿದ್ದುವುದು, ಸತ್ತ ಲಿಂಕ್ ತೆಗೆಯುವುದು, ಇಂಥ ಚಿಲ್ಲರೆ ಕೆಲಸವನ್ನು, ಹೇಳಿದ್ದನ್ನು ತಾನೇ ಮಾಡಿ ಮುಗಿಸುವ ಎಐ ಏಜೆಂಟ್‌ಗೆ ಒಪ್ಪಿಸೋಣ ಅನ್ನಿಸಿತು. 2024ರ ನವೆಂಬರಿನಲ್ಲಿ ಎಐ ಕಂಪನಿ ಆಂತ್ರಾಪಿಕ್ ಹೊರತಂದ ಎಂಸಿಪಿ ಪದ್ಧತಿಯಲ್ಲಿ (ಎಐಯನ್ನು ಹೊರಗಿನ ಸಾಫ್ಟ್‌ವೇರ್‌ಗೆ ಜೋಡಿಸುವ ವಿಧಾನ ಅದು) ಏಜೆಂಟ್ ಬಳಸಲು ನಾಲ್ಕು ಟೂಲ್ ಮಾಡಿದೆ: ಹುಡುಕು, ಓದು, ತಿದ್ದು, ಪ್ರಕಟಿಸು. ಕೋಡ್ ಎರಡು ಸಂಜೆಗೆ ಮುಗಿಯಿತು. ಪ್ರತಿ ಟೂಲನ್ನು ಹೇಗೆ ಬಳಸಬೇಕೆಂದು ಏಜೆಂಟ್ ಓದಿ ತಿಳಿಯಲು ಒಂದು ವಿವರಣೆ ಬರೆಯಬೇಕಲ್ಲ, ಅದಕ್ಕೆ ಎರಡು ತಿಂಗಳು ಹಿಡಿಯಿತು.

ಮೊದಲ ಸಲ ಒಂದೊಂದೇ ಸಾಲು ಗೀಚಿದ್ದೆ. ‘ಲೇಖನವನ್ನು ಓದುತ್ತದೆ’, ‘ಲೇಖನವನ್ನು ತಿದ್ದುತ್ತದೆ’. ಇನ್ನೇನು ಬೇಕು, ಅಲ್ವಾ?

ಏಜೆಂಟ್‌ಗೆ ಒಂದು ಕಾಗುಣಿತದ ತಪ್ಪು ಸರಿಮಾಡಲು ಹೇಳಿದೆ. ಮಾಡಿತು. ಮರುದಿನ ಎಡಿಟರ್‌ನಲ್ಲಿ ತೆರೆದರೆ ಪ್ಯಾರಾ, ಚಿತ್ರ ಅಂತ ಬೇರೆ ಬೇರೆ ಬ್ಲಾಕ್‌ಗಳಲ್ಲಿದ್ದ ಇಡೀ ಲೇಖನ ಒಂದೇ ಕ್ಲಾಸಿಕ್ ಬ್ಲಾಕ್ ಆಗಿ ಕೂತಿದೆ! ಆಗಿದ್ದಿಷ್ಟು. ವರ್ಡ್‌ಪ್ರೆಸ್ ಲೇಖನವನ್ನು ಎರಡು ರೂಪದಲ್ಲಿ ಕೊಡುತ್ತದೆ. ಒಂದು ‘ರಾ’, ಅಂದರೆ ಬ್ಲಾಕ್‌ಗಳ ಗುರುತುಗಳ ಸಮೇತ ಉಳಿಸಿಟ್ಟ ಮೂಲ. ಇನ್ನೊಂದು ‘ರೆಂಡರ್ಡ್’, ಓದುಗರಿಗೆ ಕಾಣುವ ರೂಪ, ಅದರಲ್ಲಿ ಆ ಗುರುತುಗಳಿರುವುದಿಲ್ಲ. ‘ಕಾಂಟೆಕ್ಸ್ಟ್’ ಎಂಬಲ್ಲಿ ‘ಎಡಿಟ್’ ಎಂದು ಕೇಳದಿದ್ದರೆ ಎರಡನೆಯದಷ್ಟೇ ಸಿಗುತ್ತದೆ. ನನ್ನ ಟೂಲ್ ಹಾಗೆ ಕೇಳಿರಲಿಲ್ಲ. ಏಜೆಂಟ್ ಸಿಕ್ಕಿದ್ದನ್ನು ತಿದ್ದಿ ವಾಪಸ್ ಬರೆಯಿತು. ಪಾಪ, ಅದರದ್ದೇನೂ ತಪ್ಪಿಲ್ಲ. ವರ್ಡ್‌ಪ್ರೆಸ್ ಉಳಿಸಿಡುವ ಹಳೆಯ ಪ್ರತಿ, ಅಂದರೆ ರಿವಿಷನ್ ಇತ್ತು, ಬಚಾವಾದೆ.

ಈಗ ‘ತಿದ್ದು’ ಟೂಲಿನ ವಿವರಣೆ ಹೀಗೆ ಶುರುವಾಗುತ್ತದೆ: ‘ಇದು ಲೇಖನದ ಒಂದು ತುಂಡನ್ನು ಮಾತ್ರ ಬದಲಿಸುತ್ತದೆ. ಹಳೆಯ ತುಂಡನ್ನು ಓದು ಟೂಲಿನ ರಾ ಭಾಗದಿಂದಲೇ ನಕಲು ಮಾಡು. ನೆನಪಿನಿಂದ ಬರೆಯಬೇಡ.’ ಆ ಕೊನೆಯ ಮಾತು ಸುಮ್ನೆ ಬಂದದ್ದಲ್ಲ.

ಗ್ರೋಬ್ಯಾಗ್ ಬಗ್ಗೆ ಒಂದು ಲೇಖನ. ಏಜೆಂಟ್ ಒಂದು ವಾಕ್ಯ ಹುಡುಕುತ್ತದೆ, ‘ಸಿಗಲಿಲ್ಲ’ ಅಂತ ಉತ್ತರ ಬರುತ್ತದೆ. ಮತ್ತೆ ಹುಡುಕುತ್ತದೆ, ಮತ್ತೆ ಅದೇ. ಏಳು ಸಲ! ಏಜೆಂಟ್ ಬರೆದ ವಾಕ್ಯ, ಲೇಖನದಲ್ಲಿದ್ದ ವಾಕ್ಯ, ನನ್ನ ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳನ್ನು ತೆಗೆದು ನೋಡಿದಾಗ ಗೊತ್ತಾಯಿತು, ಲೇಖನದಲ್ಲಿದ್ದ ‘ಗ್ರೋಬ್ಯಾಗ್’ ಪದದ ಕೊನೆಗೆ ಕಾಣದ ಅಕ್ಷರವೊಂದು ಅಂಟಿಕೊಂಡಿದೆ. ಒತ್ತಕ್ಷರ ಆಗದಂತೆ ತಡೆಯಲು ನಾವು ಕನ್ನಡ ಟೈಪ್ ಮಾಡುವಾಗ ಹಾಕುತ್ತೇವಲ್ಲ, ಅದೇ ಝಡ್‌ಡಬ್ಲ್ಯುಎನ್‌ಜೆ. ಏಜೆಂಟ್ ಬರೆದದ್ದರಲ್ಲಿ ಅದು ಇರಲಿಲ್ಲ.

ಹೋಲಿಸುವಾಗ ಆ ಅಕ್ಷರವನ್ನು ಬಿಟ್ಟು ಹೋಲಿಸುವಂತೆ ಕೋಡ್ ಬದಲಿಸಿದೆ. ಅದಕ್ಕಿಂತ ಜಾಸ್ತಿ ಉಪಯೋಗವಾದದ್ದು ಎರರ್ ಮೆಸೇಜ್ ಬದಲಿಸಿದ್ದು. ಈಗ ಅದು ‘ಸಿಗಲಿಲ್ಲ. ಇದಕ್ಕೆ ಹತ್ತಿರದ ಸಾಲು ಇದು, ಇದನ್ನೇ ನಕಲು ಮಾಡಿ ಮತ್ತೊಮ್ಮೆ ಕೇಳು. ಆಗಲೂ ಆಗದಿದ್ದರೆ ನಿಲ್ಲಿಸಿ ಮಾಲೀಕರಿಗೆ ಹೇಳು’ ಅನ್ನುತ್ತದೆ. ಕೈಪಿಡಿಯಲ್ಲಿ ಎಷ್ಟೇ ಬರೆದರೂ, ಎಡವಿದ ಜಾಗದಲ್ಲಿ ಸಿಗುವ ಈ ಮೂರು ಸಾಲು ಮಾಡುವಷ್ಟು ಕೆಲಸ ಅದು ಮಾಡಲಿಲ್ಲ.

‘ಪ್ರಕಟಿಸು’ ಟೂಲಿಗೆ ‘ಕೇಳದೆ ಬಳಸಬೇಡ’ ಅಂತ ಬರೆದಿದ್ದೆ. ಆಮೇಲೆ ಟೂಲನ್ನೇ ತೆಗೆದೆ. ಬೀಗದ ಕೈ ಕೊಟ್ಟು ಬಾಗಿಲು ತೆಗೀಬೇಡ ಅನ್ನೋದು ಯಾಕೆ? ಈಗ ಪ್ರಕಟವಾದ ಲೇಖನವಾದರೆ ಅದರ ನಕಲನ್ನು ಡ್ರಾಫ್ಟ್ ಮಾಡಿ ಏಜೆಂಟ್ ಅದನ್ನೇ ತಿದ್ದುತ್ತದೆ. ಗುಂಡಿ ಒತ್ತೋದು ನಾನೇ.

ವಿವರಣೆ ಸರಿಯಿದೆಯೋ ಇಲ್ಲವೋ ನೋಡಲು ಪ್ರತಿ ಸಲ ಹೊಸ ಚಾಟ್ ತೆರೆಯುತ್ತೇನೆ. ಹಿಂದಿನ ಮಾತು ಅದಕ್ಕೆ ಗೊತ್ತಿರಬಾರದು. ಅವೇ ಹತ್ತು ಕೆಲಸ ಕೊಡುತ್ತೇನೆ. ಎಲ್ಲಿ ತಡವರಿಸುತ್ತದೋ ಆ ಸಾಲನ್ನು ತಿದ್ದುತ್ತೇನೆ.

ಸದ್ಯ ತಡವರಿಸುತ್ತಿರುವುದು ವೆಬ್ ವಿಳಾಸದಲ್ಲಿ ಲೇಖನದ ಹೆಸರು ಬರುವ ಭಾಗದಲ್ಲಿ, ಅಂದರೆ ಸ್ಲಗ್‌ನಲ್ಲಿ. ವಿಳಾಸದಲ್ಲಿ ಒಂದೊಂದು ಕನ್ನಡ ಅಕ್ಷರ, ಒಂದೊಂದು ಗುಣಿತದ ಚಿಹ್ನೆ ಕೂಡ, 9 ಸ್ಥಾನ ತಿನ್ನುತ್ತದೆ. ವರ್ಡ್‌ಪ್ರೆಸ್ ಕೊಡೋದು 200. ಹಾಗಾಗಿ ‘ಮಳೆಗಾಲದಲ್ಲಿ ಹಿತ್ತಲಿನ ತರಕಾರಿ’ ಎಂಬ ಶೀರ್ಷಿಕೆಯ ವಿಳಾಸ ಕೊನೆಯ ಪದದ ನಡುವೆ ತುಂಡಾಗಿ ‘ತರಕ’ ಅಂತ ನಿಂತುಬಿಟ್ಟಿತು. ‘ಸ್ಲಗ್ ಇಂಗ್ಲಿಷ್ ಅಕ್ಷರದಲ್ಲಿರಲಿ’ ಅಂತ ಒಂದು ಸಾಲು ಸೇರಿಸಿದೆ. ಏಜೆಂಟ್ ‘ಮಾನ್ಸೂನ್ ಬ್ಯಾಕ್‌ಯಾರ್ಡ್ ವೆಜಿಟಬಲ್ಸ್’ ಅಂತ ಅನುವಾದ ಮಾಡಿ ಕೂರಿಸಿತು. ‘ಅನುವಾದ ಬೇಡ, ಕನ್ನಡದ ಉಚ್ಚಾರವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆ’ ಅಂತ ನಿನ್ನೆ ರಾತ್ರಿ ಇನ್ನೊಂದು ಸಾಲು ಸೇರಿಸಿದ್ದೇನೆ.