ಗಾರ್ಮೆಂಟ್ಸ್ ಫ್ಲೋರಿಗೆ ಸುದ್ದಿ ಮುಟ್ಟಿಸುವ ಕೆಲಸ

ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಎಚ್‌ಆರ್ ಕೆಲಸ ನೋಡಿಕೊಳ್ಳುತ್ತೇನೆ. ಐಟಿ ಕಂಪನಿಯವರ ಹಾಗೆ ಎಲ್ಲರಿಗೂ ಒಂದು ಇಮೇಲ್ ಹಾಕಿ ಕೂರುವ ಹಾಗಿಲ್ಲ ಇಲ್ಲಿ. ಟೈಲರ್‌ಗಳ ಕೈ ಮೆಷಿನ್ ಮೇಲೆ, ಕಣ್ಣು ಸೂಜಿ ಮೇಲೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಬೋರ್ಡ್ ಲೈನಿನ ತುದಿಯಲ್ಲೇ ಇರುತ್ತದೆ. ಸಂಜೆ ಬೆಲ್ ಹೊಡೆದರೆ ರಾಮನಗರ, ಮಾಗಡಿ ಕಡೆಯವರೆಲ್ಲ ಟೆಂಪೋ ಹಿಡಿಯೋಕೆ ಓಡುತ್ತಾರೆ. ಯಾವಾಗ ಹೇಳೋದು, ಯಾರ ಬಾಯಲ್ಲಿ ಹೇಳಿಸೋದು ಅನ್ನೋದೇ ಇಲ್ಲಿನ ತಲೆನೋವು.

ಹೇಳದೆ ಬಿಟ್ಟರೆ ಏನಾಗುತ್ತದೆ ಅನ್ನೋದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ಕಣ್ಣಾರೆ ಕಂಡಿದೆ. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಪಿಎಫ್ ದುಡ್ಡು 58 ವರ್ಷ ತುಂಬುವವರೆಗೆ ಕೈಗೆ ಸಿಗಲ್ಲ ಅಂತ ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲೇ ನಿಯಮ ತಂದಿತ್ತು. ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದರು, ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವರ ಸಿಟ್ಟು ನ್ಯಾಯವಾದದ್ದೇ. ಮಗಳ ಮದುವೆಗೆ, ಮನೆ ಸಾಲಕ್ಕೆ ಅಂತ ನಂಬಿಕೊಂಡಿದ್ದ ದುಡ್ಡು ಅದು. ಆದರೆ ನಿಯಮ ಬಂದು ಎರಡು ತಿಂಗಳಾದರೂ ಅದೇನು ಅಂತ ಬಿಡಿಸಿ ಹೇಳುವವರು ಎಷ್ಟು ಫ್ಯಾಕ್ಟರಿಗಳಲ್ಲಿ ಇದ್ದರು?

ನಾನು ಮೊದಲು ಕೈ ಹಾಕಿದ್ದು ನೋಟಿಸ್‌ಗಳಿಗೆ. ‘ಈ ಮೂಲಕ ಸಮಸ್ತ ಕಾರ್ಮಿಕರಿಗೆ ತಿಳಿಯಪಡಿಸುವುದೇನೆಂದರೆ’ ಅಂತ ಶುರುವಾಗಿ, ಅಸಲಿ ವಿಷಯ ಐದನೇ ಸಾಲಿಗೆ ಬರುತ್ತಿತ್ತು. ಅಷ್ಟೊತ್ತಿಗೆ ಓದುವವರು ಹೊರಟುಹೋಗಿರುತ್ತಿದ್ದರು. ಈಗ ದೊಡ್ಡ ಅಕ್ಷರದಲ್ಲಿ ಇಷ್ಟೇ ಇರುತ್ತದೆ: ‘ಈ ಭಾನುವಾರ ಕೆಲಸ ಇದೆ. ಬದಲಿಗೆ ಬುಧವಾರ ರಜೆ. ಟೆಂಪೋ ಎಂದಿನ ಟೈಮಿಗೇ ಬರುತ್ತದೆ.’ ಟೆಂಪೋ ವಿಷಯ ಬರೆಯದಿದ್ದರೆ ದಿನವಿಡೀ ಅದೊಂದೇ ಪ್ರಶ್ನೆ. ಬೋರ್ಡನ್ನು ಆಫೀಸ್ ಬಾಗಿಲಿಂದ ತೆಗೆಸಿ ಕುಡಿಯುವ ನೀರಿನ ಹತ್ತಿರ ಹಾಕಿಸಿದೆ. ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರು ಜಾಸ್ತಿ ಆದ ಮೇಲೆ ಪಕ್ಕದಲ್ಲಿ ಹಿಂದಿ ನೋಟಿಸೂ ಬಂತು. ಓದಲು ಬಾರದವರಿಗೆ ಅವರ ಹಾಸ್ಟೆಲ್‌ನ ಒಬ್ಬಳು ಒಡಿಯಾದಲ್ಲಿ ಹೇಳುತ್ತಾಳೆ.

ಆದರೆ ಬೋರ್ಡಿನಿಂದ ಆಗೋದು ಅರ್ಧ ಕೆಲಸ. ಅನುಮಾನ ಬಂದವರು ಬೋರ್ಡನ್ನು ಕೇಳಲ್ಲ, ಲೈನ್ ಸೂಪರ್‌ವೈಸರನ್ನು ಕೇಳುತ್ತಾರೆ. ಅವರಿಗೇ ಗೊತ್ತಿಲ್ಲ ಅಂದ್ರೆ ‘ನನಗ್ಯಾರು ಹೇಳ್ತಾರೆ, ಸುಮ್ನೆ ಹೊಲಿ’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು, ಗಾಳಿಸುದ್ದಿ ಶುರುವಾಯಿತು. ಹಾಗಾಗಿ ಯಾವುದೇ ನೋಟಿಸ್ ಅಂಟಿಸುವ ಹಿಂದಿನ ದಿನ ಸೂಪರ್‌ವೈಸರ್‌ಗಳನ್ನು ಕೂರಿಸಿಕೊಂಡು ಓದಿ ಹೇಳುತ್ತೇನೆ. ಓದಿದ ಮೇಲೆ ಅವರು ಟೈಲರ್‌ಗಳ ಹಾಗೆ ನನಗೆ ಪ್ರಶ್ನೆ ಹಾಕಬೇಕು. ಒಬ್ಬರಂತೂ ಎಷ್ಟು ಚೆನ್ನಾಗಿ ಜಗಳ ಆಡುತ್ತಾರೆ ಅಂದ್ರೆ, ಅವರಿಗೆ ಉತ್ತರ ಕೊಟ್ಟು ಗೆದ್ದರೆ ಫ್ಲೋರಿನಲ್ಲಿ ಭಯ ಇಲ್ಲ. ನನಗೆ ಉತ್ತರ ಸಿಗದ ಪ್ರಶ್ನೆಯನ್ನು ಅಕೌಂಟ್ಸ್‌ನವರಿಗೆ ಕೇಳಿ, ಸಂಜೆಯೊಳಗೆ ಸೂಪರ್‌ವೈಸರ್‌ಗೆ ತಿಳಿಸುತ್ತೇನೆ.

ಅತಿ ಹೆಚ್ಚು ಮಾತು ಬರೋದು ಸಂಬಳದ ಸ್ಲಿಪ್ ಮೇಲೆ. ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುತ್ತದಲ್ವಾ, ಆಗಂತೂ ಪಕ್ಕದ ಫ್ಯಾಕ್ಟರಿಯಲ್ಲಿ ಇಷ್ಟು ಕೊಟ್ಟರಂತೆ, ಅಷ್ಟು ಕೊಟ್ಟರಂತೆ. ಒಂದು ಸಲ ಒಬ್ಬ ಟೈಲರ್ ಮೊಬೈಲ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ನನ್ನ ಮುಂದೆ ಹಿಡಿದರು. “ಮೇಡಂ, ನನ್ನಿಂದ 1,440 ಹಿಡೀತೀರ. ಕಂಪನಿನೂ ಅಷ್ಟೇ ಹಾಕುತ್ತೆ ಅಂತೀರ. ಇಲ್ಲಿ 440 ಅಂತಿದೆ. ಮಿಕ್ಕ ಸಾವಿರ ಎಲ್ಲಿ?”

“ಬನ್ನಿ ಅಕ್ಕ” ಅಂತ ಒಂದು ಹಾಳೆ ತಗೊಂಡೆ. ಮೂಲವೇತನ, ತುಟ್ಟಿಭತ್ಯೆ ಸೇರಿ 12,000 ಅಂದರೆ ಅವರಿಂದ ಶೇ 12, ಅಂದ್ರೆ 1,440. ಕಂಪನಿಯದೂ 1,440. ಆದರೆ ಕಂಪನಿಯ ಶೇ 12ರಲ್ಲಿ 8.33 ಪಿಂಚಣಿ ಖಾತೆಗೆ ಹೋಗುತ್ತದೆ, ಅದು ಸುಮಾರು 1,000. ಉಳಿದ 3.67 ಪಿಎಫ್‌ಗೆ, ಅದು 440. ಆ ಸಾವಿರ ಅದೇ ಪಾಸ್‌ಬುಕ್‌ನಲ್ಲಿ ಪಿಂಚಣಿ ಅನ್ನೋ ಬೇರೆ ಕಾಲಂನಲ್ಲಿದೆ. ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಕೂಡಿದರು. “ಇದನ್ನ ಎಲ್ರಿಗೂ ಹೇಳಿ ಮೇಡಂ, ಕಂಪನಿ ತಿಂದುಬಿಟ್ಟಿದೆ ಅಂತ ಅಂದ್ಕೊಂಡಿದ್ದೀವಿ.” ಆ ಹಾಳೆಯನ್ನೇ ದೊಡ್ಡದಾಗಿ ಬರೆಸಿ ಹಾಕಿದೆವು. ಈಗ ಸ್ಲಿಪ್ ಕೊಡುವ ದಿನ ಅಕೌಂಟ್ಸ್‌ನ ಒಬ್ಬರು ಊಟದ ಹೊತ್ತಿಗೆ ಕ್ಯಾಂಟೀನ್‌ನಲ್ಲೇ ಮೇಜು ಹಾಕಿ ಕೂರುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಸ್ಪೆಲಿಂಗ್ ಅನ್ನೋ ತೊಡಕುಗಳೂ ಅಲ್ಲೇ ಗೊತ್ತಾಗುತ್ತವೆ. ಮುಂಚೆ ಕೆಲಸ ಬಿಟ್ಟು ದುಡ್ಡು ಕೇಳುವಾಗ ಗೊತ್ತಾಗುತ್ತಿದ್ದವು.

ಸಲಹಾ ಪೆಟ್ಟಿಗೆ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಕ್ಯಾಮೆರಾ ಕೆಳಗೆ ನೇತುಹಾಕಿದ ಪೆಟ್ಟಿಗೆಗೆ ಯಾರು ಚೀಟಿ ಹಾಕುತ್ತಾರೆ? ನಮ್ಮದನ್ನು ಟಾಯ್ಲೆಟ್ ದಾರಿಗೆ ಬದಲಾಯಿಸಿದ ಮೇಲೆ ಚೀಟಿ ಬರತೊಡಗಿದವು. ಪ್ರತಿ ಚೀಟಿಗೂ ಬೋರ್ಡಿನಲ್ಲಿ ಉತ್ತರ ಬರೆಯುತ್ತೇವೆ, ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತಲೂ. ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈತಾರೆ ಅನ್ನೋ ಥರದ ಚೀಟಿ ಮಾತ್ರ ಬೋರ್ಡಿಗೆ ಹೋಗಲ್ಲ. ಅದನ್ನು ಬೇರೆಯಾಗಿ ವಿಚಾರಿಸುತ್ತೇವೆ, ಅಕ್ಷರ ಯಾರದ್ದು ಅಂತ ಹುಡುಕೋದಿಲ್ಲ. 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ವರ್ಕ್ಸ್ ಕಮಿಟಿ, ಅಂದ್ರೆ ಕಾರ್ಮಿಕರ ಮತ್ತು ಆಡಳಿತದ ಪ್ರತಿನಿಧಿಗಳು ಒಟ್ಟಿಗೆ ಕೂರುವ ಸಮಿತಿ, ಅನ್ನೋದು 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದಲೂ ಇದೆ. ಎಷ್ಟೋ ಕಡೆ ಅದು ಆಡಿಟ್‌ಗೆ ತೋರಿಸುವ ಸಹಿ ಪುಸ್ತಕ ಅಷ್ಟೇ. ನಮ್ಮಲ್ಲಿ ಕಮಿಟಿಯ ಹೆಂಗಸರೇ ಹಿಂದಿನ ಮೀಟಿಂಗ್‌ನ ಪಟ್ಟಿ ಓದಿ, ಆಗಿದ್ದಕ್ಕೆ ಟಿಕ್ ಹಾಕುತ್ತಾರೆ. ಫ್ಯಾನ್ ರಿಪೇರಿಗೆ ಟಿಕ್ ಬೇಗ ಬೀಳುತ್ತದೆ. ಟಾರ್ಗೆಟ್ ಕಡಿಮೆ ಮಾಡಿ ಅನ್ನೋದಕ್ಕೆ ಇನ್ನೂ ಬಿದ್ದಿಲ್ಲ.

ವಾಟ್ಸಾಪ್ ಗ್ರೂಪ್ ಇದೆ, ಟೆಂಪೋ ಲೇಟ್ ಅಂತ ಹೇಳೋಕೆ ಸಾಕು. ಸಂಬಳದ ವಿಷಯ ಅದರಲ್ಲಿ ಹಾಕುವುದಿಲ್ಲ. ಮನೆಯಲ್ಲಿ ಫೋನ್ ಗಂಡನ ಕೈಲೋ ಮಗನ ಕೈಲೋ ಇರುತ್ತದೆ.

ಸದ್ಯಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಜೊತೆ ನನಗಿರುವ ತಕರಾರು ಟೈಮಿನದ್ದು. ವಾರಕ್ಕೊಮ್ಮೆ ಬೆಳಿಗ್ಗೆ ಹತ್ತು ನಿಮಿಷ ಮೆಷಿನ್ ನಿಲ್ಲಿಸಿ ಲೈನಿನಲ್ಲೇ ಮಾತಾಡಬೇಕು ಅಂತ ನಾನು. ಹತ್ತು ನಿಮಿಷಕ್ಕೆ ಎಷ್ಟು ಪೀಸ್ ಹೋಗುತ್ತೆ ಗೊತ್ತಾ ಅಂತ ಅವರು. ಈಗ ಎರಡು ಲೈನಿಗೆ ಮಾತ್ರ ಒಪ್ಪಿದ್ದಾರೆ, ಅದೂ ಶಿಪ್‌ಮೆಂಟ್ ಇಲ್ಲದ ವಾರ.