ಮೇಕೆ, ಕುರಿ, ಹಸು, ಕುದುರೆಗೆ ಖನಿಜ ಮಿಶ್ರಣ: ಯಾರಿಗೆ, ಎಷ್ಟು, ಹೇಗೆ

ಮೇಕೆ ಗೋಡೆ ನೆಕ್ಕುತ್ತದೆ, ಮಣ್ಣು ತಿನ್ನುತ್ತದೆ, ಪಕ್ಕದ ಮೇಕೆಯ ಕೂದಲು ಕಿತ್ತು ಜಗಿಯುತ್ತದೆ. ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ. ಆಗ ನಾವು ಮಾಡುವುದೇನು? ಔಷಧಿ ಅಂಗಡಿಗೆ ಹೋಗಿ "ಒಂದು ಒಳ್ಳೆ ಟಾನಿಕ್ ಕೊಡಿ" ಅಂತ ಕೇಳುತ್ತೇವೆ. ಅವರು ಕೊಟ್ಟ ಬಾಟಲಿ ತಂದು ಗೊಟ್ಟದಲ್ಲಿ ಕುಡಿಸುತ್ತೇವೆ. ಬಾಟಲಿ ಖಾಲಿಯಾಗುತ್ತದೆ, ಮೇಕೆ ಮಾತ್ರ ಗೋಡೆ ನೆಕ್ಕುತ್ತಲೇ ಇರುತ್ತದೆ.

ಯಾವ ಪ್ರಾಣಿಗೆ ಏನು ಕಡಿಮೆ ಇದೆ ಅಂತ ಮೊದಲು ನೋಡಬೇಕು. ಆಮೇಲೆ ಅದೇ ಪ್ರಾಣಿಗೆ ಅಂತ ಇರುವುದನ್ನು ತೂಕ ಮಾಡಿ ಹಾಕಬೇಕು. ಹಸುವಿನದನ್ನು ಕುರಿಗೆ, ಕೋಳಿಯದನ್ನು ಕುದುರೆಗೆ ಹಾಕಿದರೆ ದುಡ್ಡು ದಂಡ ಅಷ್ಟೇ ಅಲ್ಲ, ಪ್ರಾಣಿಯೇ ಹೋಗಬಹುದು.

ಖನಿಜ ಮಿಶ್ರಣದ ಪ್ಯಾಕೆಟ್ ಒಡೆಯುವ ಮೊದಲು ಮೇಕೆ, ಕುರಿಗಳ ಕಣ್ಣು ನೋಡಿ. ಹೆಬ್ಬೆರಳಿಂದ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು, ಒಳಗಿನ ಚರ್ಮದ ಬಣ್ಣವನ್ನು ಬಿಸಿಲಲ್ಲಿ ನೋಡಬೇಕು. ಒಳ್ಳೆ ಕೆಂಪಾಗಿದ್ದರೆ ಸರಿ. ತೆಳು ಗುಲಾಬಿಯಾಗಿದ್ದರೆ ಅನುಮಾನ. ಬೆಳ್ಳಗಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತುಹುಳು ಇರುವ ಸಾಧ್ಯತೆ ಜಾಸ್ತಿ. ದವಡೆಯ ಕೆಳಗೆ ನೀರು ತುಂಬಿ ಊದಿಕೊಂಡಿದ್ದರಂತೂ ಕಾಯುವ ಮಾತೇ ಇಲ್ಲ, ಡಾಕ್ಟರಿಗೆ ತೋರಿಸಿ. ಹಿಕ್ಕೆಯನ್ನು ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದರೆ ಯಾವ ಹುಳು ಅಂತ ಪರೀಕ್ಷೆ ಮಾಡಿ ಹೇಳುತ್ತಾರೆ. ಹುಳು ತುಂಬಿದ ಹೊಟ್ಟೆಗೆ ಎಷ್ಟು ದುಬಾರಿ ಮಿಶ್ರಣ ಹಾಕಿದರೂ ಅಷ್ಟೇ. ನೀರಿಗೂ ಇದೇ ಮಾತು. ಬಾನಿಯಲ್ಲಿ ಪಾಚಿ ಕಟ್ಟಿದ ನೀರಿದ್ದರೆ ಮೇಕೆ ಕುಡಿಯುವುದಿಲ್ಲ. ಕುಡಿಯದ ಮೇಕೆ ತಿನ್ನುವುದೂ ಕಡಿಮೆ.

ಇನ್ನು ಮೇವಿನ ಲೆಕ್ಕ. ಭತ್ತದ ಹುಲ್ಲಿನಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಸತ್ವ ಕಡಿಮೆ. ರಂಜಕ (ಫಾಸ್ಫರಸ್) ಅದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಇರುವ ಕ್ಯಾಲ್ಸಿಯಂ ಕೂಡ ಹುಲ್ಲಿನಲ್ಲೇ ಇರುವ ಆಕ್ಸಲೇಟ್ ಅನ್ನುವ ಪದಾರ್ಥದ ಜೊತೆ ಸೇರಿಕೊಂಡಿರುವುದರಿಂದ ಪೂರ್ತಿ ದಕ್ಕುವುದಿಲ್ಲ. ರಾಗಿ ಹುಲ್ಲು ಅದಕ್ಕಿಂತ ಎಷ್ಟೋ ವಾಸಿ, ಕ್ಯಾಲ್ಸಿಯಂ ಚೆನ್ನಾಗಿದೆ. ಗೋಧಿ ಬೂಸಾ, ಅಕ್ಕಿ ತೌಡು, ಮೆಕ್ಕೆಜೋಳ ಇವುಗಳದ್ದು ಉಲ್ಟಾ ಕಥೆ: ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಡಿಮೆ. ಅಗಸೆ, ನುಗ್ಗೆ, ಸುಬಾಬುಲ್, ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಧಾರಾಳ, ಪ್ರೋಟೀನೂ ಇದೆ. ಬೇಲಿಗೆ ನಾಲ್ಕು ಅಗಸೆ ಗಿಡ ಹಾಕಿಕೊಂಡವರು ಅರ್ಧ ಟಾನಿಕ್ ದುಡ್ಡು ಉಳಿಸಿದ ಹಾಗೆ. ಸುಬಾಬುಲ್ ಮಾತ್ರ ಒಟ್ಟು ಮೇವಿನಲ್ಲಿ ಮೂರನೇ ಒಂದು ಭಾಗ ದಾಟದಿರಲಿ. ಅದರಲ್ಲಿರುವ ಮಿಮೋಸಿನ್ ಅನ್ನುವ ವಿಷ ಜಾಸ್ತಿಯಾದರೆ ಕೂದಲು ಉದುರುತ್ತದೆ, ಥೈರಾಯ್ಡ್ ಗ್ರಂಥಿಗೂ ತೊಂದರೆ. ಕುದುರೆಗೆ ಸುಬಾಬುಲ್ ಬೇಡವೇ ಬೇಡ.

ಇಷ್ಟಾದ ಮೇಲೂ ನಮ್ಮ ಬಹುತೇಕ ಹಟ್ಟಿಗಳಲ್ಲಿ ಕೊರತೆ ಉಳಿಯುತ್ತದೆ, ಅದರಲ್ಲೂ ಜಿಂಕ್, ತಾಮ್ರ, ರಂಜಕ. ಖನಿಜ ಮಿಶ್ರಣ ಇರುವುದು ಅದಕ್ಕೇ.

ಕೊಳ್ಳುವಾಗ ಪ್ಯಾಕೆಟ್ ಮುಂದಿನ ಫೋಟೋ ಬಿಡಿ, ಹಿಂದೆ ತಿರುಗಿಸಿ ಓದಿ. ದನಗಳ ಖನಿಜ ಮಿಶ್ರಣಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 1664 ಅಂತ ಒಂದು ಮಾನದಂಡ ಇದೆ. ಉಪ್ಪು ಸೇರಿಸದ ಮಿಶ್ರಣದಲ್ಲಿ ಕ್ಯಾಲ್ಸಿಯಂ ನೂರಕ್ಕೆ 20 ಭಾಗ, ರಂಜಕ 12 ಭಾಗದ ಆಸುಪಾಸು ಇರಬೇಕು. ರಂಜಕದ ಅಂಕಿ ಬರೆದೇ ಇಲ್ಲ ಅಂದರೆ ಅಥವಾ ತೀರಾ ಕಡಿಮೆ ಇದೆ ಅಂದರೆ, ನೀವು ಕೊಳ್ಳುತ್ತಿರುವುದು ಹೆಚ್ಚುಕಡಿಮೆ ಸುಣ್ಣದ ಕಲ್ಲಿನ ಪುಡಿ. ರಂಜಕವೇ ದುಬಾರಿ ಪದಾರ್ಥ, ಅಗ್ಗದ ಮಿಶ್ರಣದಲ್ಲಿ ಮೊದಲು ಕೈಬಿಡುವುದೂ ಅದನ್ನೇ. ಊರಿನ ಹಾಲಿನ ಡೇರಿಯಲ್ಲಿ ಒಕ್ಕೂಟದ ಖನಿಜ ಮಿಶ್ರಣ ಸಿಗುತ್ತದೆ, ಹಸು ಇಟ್ಟವರು ಅಲ್ಲೇ ತಗೊಳ್ಳಬಹುದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಆಯಾ ಪ್ರದೇಶದ ಮಣ್ಣು, ಮೇವು ಪರೀಕ್ಷಿಸಿ ಆ ಜಾಗಕ್ಕೆ ಏನು ಕಡಿಮೆಯೋ ಅದನ್ನೇ ಹಾಕಿದ ಮಿಶ್ರಣದ ಬಗ್ಗೆ ಕೆಲಸ ಮಾಡಿದ್ದಾರೆ. ನಿಮ್ಮ ಜಿಲ್ಲೆಗೆ ಅಂಥದ್ದು ಇದೆಯಾ ಅಂತ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಪ್ರಮಾಣ ಹೀಗೆ. ಬೆಳೆದ ಮೇಕೆಗೆ ದಿನಕ್ಕೆ 10 ಗ್ರಾಂ, ಹಾಲು ಬಿಟ್ಟ ಮರಿಗೆ 5 ಗ್ರಾಂ. ಕರುವಿಗೆ 20 ಗ್ರಾಂ, ಕಡಸಿಗೆ 30, ಹಾಲು ಕೊಡುವ ಹಸುವಿಗೆ 50, ತುಂಬಾ ಹಾಲಿನ ಹಸುವಾದರೆ ಅದಕ್ಕೂ ಜಾಸ್ತಿ. ಪ್ಯಾಕೆಟ್ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಿ, ಏಕೆಂದರೆ ಕೆಲವು ಮಿಶ್ರಣ ಗಟ್ಟಿಯಾಗಿರುತ್ತದೆ. "ಒಂದು ಹಿಡಿ" ಅನ್ನುವುದು ಅಳತೆಯೇ ಅಲ್ಲ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಒಂದು ಸಲ 10 ಗ್ರಾಂ ತೂಗಿ, ಅದು ಯಾವ ಚಮಚದಲ್ಲಿ ಎಲ್ಲಿವರೆಗೆ ಬರುತ್ತದೆ ಅಂತ ನೋಡಿ, ಆ ಚಮಚವನ್ನು ಅದೇ ಡಬ್ಬಿಯಲ್ಲಿ ಇಟ್ಟುಬಿಡಿ.

ತಿಂಡಿ ಮಿಶ್ರಣವನ್ನು ಮನೆಯಲ್ಲೇ ಮಾಡಿಕೊಳ್ಳುವವರು 100 ಕೆಜಿಗೆ 2 ಕೆಜಿ ಖನಿಜ ಮಿಶ್ರಣ, 1 ಕೆಜಿ ಉಪ್ಪು ಹಾಕಿದರೆ ಸಾಕು. ಆದರೆ ಕಲೆಸುವ ರೀತಿ ಮುಖ್ಯ. ಎರಡು ಕೆಜಿ ಪುಡಿಯನ್ನು ಅಷ್ಟು ದೊಡ್ಡ ರಾಶಿ ಮೇಲೆ ಸುರಿದು ಸಲಿಕೆಯಲ್ಲಿ ಎರಡು ಸಲ ಮಗುಚಿದರೆ ಅದು ಒಂದೇ ಕಡೆ ಉಳಿಯುತ್ತದೆ, ಒಂದು ಮೇಕೆಗೆ ಏನೂ ಸಿಗುವುದಿಲ್ಲ, ಇನ್ನೊಂದಕ್ಕೆ ನಾಲ್ಕು ದಿನದ್ದು ಒಂದೇ ಹೊತ್ತಿಗೆ ಹೋಗುತ್ತದೆ. ಮೊದಲು ಖನಿಜ, ಉಪ್ಪು ಎರಡನ್ನೂ ಐದಾರು ಕೆಜಿ ಬೂಸಾದಲ್ಲಿ ಕೈಯಿಂದ ಚೆನ್ನಾಗಿ ಉಜ್ಜಿ ಕಲೆಸಿ. ಅದನ್ನು ಇಪ್ಪತ್ತು ಕೆಜಿಗೆ ಬೆರೆಸಿ. ಆಮೇಲೆ ಪೂರ್ತಿ ರಾಶಿಗೆ. ಹಾಕುವಾಗ ಸ್ವಲ್ಪ ನೀರು ಚಿಮುಕಿಸಿದರೆ ಪುಡಿ ತಿಂಡಿಗೆ ಅಂಟಿಕೊಳ್ಳುತ್ತದೆ, ಗೋದಲಿಯ ತಳದಲ್ಲಿ ಉಳಿಯುವುದಿಲ್ಲ.

ಮೇಯಲು ಹೋಗುವ ಹಿಂಡಿಗೆ ತಿಂಡಿ ಹಾಕುವುದು ಕಷ್ಟ ಅಲ್ವಾ, ಅದಕ್ಕೆ ನೆಕ್ಕುವ ಬಿಲ್ಲೆಯೇ ಸುಲಭ. ಹಟ್ಟಿಯಲ್ಲಿ ಮೇಕೆಯ ಮೂತಿಯ ಎತ್ತರಕ್ಕೆ ತೂಗುಹಾಕಿ, ಮಳೆ ನೀರು ಬೀಳದ ಜಾಗದಲ್ಲಿ. ಎಲ್ಲಾ ಒಂದೇ ಬಿಲ್ಲೆಗೆ ಮುಗಿಬಿದ್ದರೆ ಹೋತಗಳೇ ನೆಕ್ಕುತ್ತವೆ, ಬಡಕಲು ಮೇಕೆಗಳು ಹಿಂದೆ ನಿಲ್ಲುತ್ತವೆ. ಎರಡು ಮೂರು ಕಡೆ ಹಾಕಿ. ಯೂರಿಯಾ ಬೆಲ್ಲದ ಬಿಲ್ಲೆ ಬೇರೆ, ಖನಿಜದ ಬಿಲ್ಲೆ ಬೇರೆ. ಯೂರಿಯಾ ಇರುವುದನ್ನು ಮರಿಗಳಿಗೆ, ಆರು ತಿಂಗಳೊಳಗಿನ ಕರುಗಳಿಗೆ, ಕುದುರೆಗೆ ಕೊಡಬಾರದು. ಅದನ್ನು ನೀರಲ್ಲಿ ಕರಗಿಸಿ ಯಾರಿಗೂ ಕುಡಿಸಬಾರದು.

ಕುರಿ ಸಾಕುವವರು ಇದನ್ನು ಗಮನವಿಟ್ಟು ಓದಿ. ಕುರಿಗೆ ತಾಮ್ರ ಆಗುವುದಿಲ್ಲ ಅಂತಲ್ಲ, ಸ್ವಲ್ಪ ಬೇಕು. ಆದರೆ ಜಾಸ್ತಿಯಾದದ್ದನ್ನು ಹೊರಹಾಕುವ ಶಕ್ತಿ ಅದಕ್ಕೆ ಕಡಿಮೆ. ಮೇಕೆ, ಹಸು ತಡೆದುಕೊಳ್ಳುವಷ್ಟನ್ನು ಕುರಿ ತಡೆದುಕೊಳ್ಳುವುದಿಲ್ಲ. ತಾಮ್ರ ಈರಲಿಯಲ್ಲಿ (ಯಕೃತ್ತಿನಲ್ಲಿ) ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ನೆ ಸೇರುತ್ತಾ ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಒಂದು ದಿನ ಲಾರಿಗೆ ಹತ್ತಿಸಿದಾಗಲೋ, ಮಳೆಯಲ್ಲಿ ನೆನೆದಾಗಲೋ ಅದೆಲ್ಲ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಕಣ್ಣು ಹಳದಿ, ಮೂತ್ರ ಕಾಫಿ ಬಣ್ಣ, ಎರಡು ಮೂರು ದಿನದಲ್ಲಿ ಕುರಿ ಸತ್ತಿರುತ್ತದೆ. ಅದಕ್ಕೇ ಬನ್ನೂರು ಕುರಿಯಾಗಲಿ, ಬಳ್ಳಾರಿ ಕುರಿಯಾಗಲಿ, ಕುರಿಗೆ ಅಂತಲೇ ಮಾಡಿದ ಮಿಶ್ರಣ ಹುಡುಕಿ. ದನದ ಮಿಶ್ರಣವನ್ನೇ ಹಾಕುವ ಪರಿಸ್ಥಿತಿ ಇದ್ದರೆ ಡಾಕ್ಟರ್ ಹೇಳಿದ ಅಳತೆ ಮೀರಬೇಡಿ. ಅದರ ಜೊತೆಗೆ ಇನ್ನೊಂದು ಬಿಲ್ಲೆ, ಮತ್ತೊಂದು ಟಾನಿಕ್ ಸೇರಿಸಬೇಡಿ. ಹಂದಿಯ ಆಹಾರದಲ್ಲಿ ತಾಮ್ರ ಜಾಸ್ತಿ ಇರುತ್ತದೆ, ಮಿಕ್ಕಿತು ಅಂತ ಕುರಿಗೆ ಹಾಕಬೇಡಿ.

ಬಕ್ರೀದ್‌ಗೆ ಅಂತ ಟಗರು, ಹೋತ ಮೇಯಿಸುವವರಿಗೆ ಬರುವ ತೊಂದರೆ ಬೇರೆ. ಬೇಗ ಮೈ ಬರಲಿ ಅಂತ ಮೆಕ್ಕೆಜೋಳ, ಗೋಧಿ ಬೂಸಾ ಸುರಿಯುತ್ತಾರೆ. ರಂಜಕ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ಮೂತ್ರದಲ್ಲಿ ಮರಳಿನಂಥ ಹರಳು ಕಟ್ಟುತ್ತದೆ. ಹೆಣ್ಣಿಗೆ ಅದು ಹೊರಗೆ ಹೋಗಿಬಿಡುತ್ತದೆ. ಗಂಡಿನ ನಾಳ ಸಣ್ಣದು, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಿಕ್ಕ ವಯಸ್ಸಲ್ಲೇ ಬೀಜ ಒಡೆಸಿದವಕ್ಕೆ ಇನ್ನೂ ಜಾಸ್ತಿ. ಟಗರು ಹಿಂದಿನ ಕಾಲು ಅಗಲಿಸಿ ನಿಂತು ತಿಣುಕುತ್ತದೆ, ಬಾಲ ಅಲ್ಲಾಡಿಸುತ್ತದೆ, ಹೊಟ್ಟೆ ತಿರುಗಿ ನೋಡಿಕೊಳ್ಳುತ್ತದೆ, ಮೂತ್ರ ಹನಿ ಹನಿ ಅಥವಾ ಬರುವುದೇ ಇಲ್ಲ. ಇದನ್ನು ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾ ಕೂತರೆ ಮೂತ್ರಕೋಶ ಒಡೆಯುತ್ತದೆ. ಕಂಡ ದಿನವೇ ಡಾಕ್ಟರನ್ನು ಕರೆಯಿರಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಇದನ್ನು ತಡೆಯುವುದು ಕಷ್ಟವಲ್ಲ. ಒಟ್ಟು ಆಹಾರದಲ್ಲಿ ರಂಜಕ ಒಂದು ಭಾಗವಿದ್ದರೆ ಕ್ಯಾಲ್ಸಿಯಂ ಎರಡು ಭಾಗ ಇರಬೇಕು. ಅಂದರೆ ಬೂಸಾ ಕಡಿಮೆ ಮಾಡಿ ಸೊಪ್ಪು, ಕಡ್ಲೆ ಹೊಟ್ಟು, ಶೇಂಗಾ ಬಳ್ಳಿ ಜಾಸ್ತಿ ಮಾಡಬೇಕು. ಧಾನ್ಯ ಜಾಸ್ತಿ ತಿನ್ನುವ ಗಂಡುಗಳಿಗೆ ರಂಜಕ ತುಂಬಿದ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ) ಬೇಡ, ತಿಂಡಿಯಲ್ಲಿ ಸುಣ್ಣದ ಕಲ್ಲಿನ ಪುಡಿ, ಅದೂ ಪಶು ಆಹಾರಕ್ಕೆ ಅಂತಲೇ ಬರುವುದು, ನೂರಕ್ಕೆ ಒಂದು ಭಾಗ ಸಾಕು. ಉಪ್ಪು ಹಾಕಿ. ಉಪ್ಪು ತಿಂದರೆ ನೀರು ಕುಡಿಯುತ್ತದೆ, ನೀರು ಕುಡಿದರೆ ಹರಳು ಕಟ್ಟುವುದು ಕಡಿಮೆ. ಅಮೋನಿಯಂ ಕ್ಲೋರೈಡ್ ಕೂಡ ಕೊಡುತ್ತಾರೆ, ಪ್ರಮಾಣ ಡಾಕ್ಟರಿಂದಲೇ ಕೇಳಿ.

ಗಬ್ಬದ ಮೇಕೆಗೆ ಟಾನಿಕ್‌ಗಿಂತ ಹೊಟ್ಟೆಗೆ ಬೇಕು. ಐದು ತಿಂಗಳ ಗಬ್ಬದಲ್ಲಿ ಮರಿ ಬೆಳೆಯುವುದು ಬಹುಪಾಲು ಕೊನೆಯ ಆರು ವಾರದಲ್ಲಿ. ಅವಳಿ ಇದ್ದರಂತೂ ಹೊಟ್ಟೆಯಲ್ಲಿ ಮೇವಿಗೆ ಜಾಗವೇ ಇರುವುದಿಲ್ಲ. ಆ ಹೊತ್ತಿಗೆ 200ರಿಂದ 300 ಗ್ರಾಂ ತಿಂಡಿಯನ್ನು ಮೆಲ್ಲಗೆ ಏರಿಸುತ್ತಾ ಎರಡು ಹೊತ್ತು ಹಂಚಿ ಕೊಡಿ. ಇಲ್ಲದಿದ್ದರೆ ಈಯುವ ಮುಂಚೆ ಮೇಕೆ ತಿನ್ನುವುದು ಬಿಟ್ಟು ಮಂಕಾಗಿ ಮಲಗಿಬಿಡುತ್ತದೆ, ಕ್ಯಾಲ್ಸಿಯಂ ಬಾಟಲಿ ಒಂದರಿಂದಲೇ ಅದು ಏಳುವುದಿಲ್ಲ.

ಹಸುವಿನ ವಿಷಯದಲ್ಲಿ ಬಾಟಲಿ ಕ್ಯಾಲ್ಸಿಯಂ ಬಗ್ಗೆ ಒಂದು ಮಾತು. ಕರು ಹಾಕುವ ತಿಂಗಳು ಮುಂಚಿನಿಂದ ಲೀಟರ್‌ಗಟ್ಟಲೆ ಕುಡಿಸುವ ರೂಢಿ ತುಂಬಾ ಕಡೆ ಇದೆ. ಇದು ಉಲ್ಟಾ ಹೊಡೆಯುತ್ತದೆ. ಹೊರಗಿಂದ ಸಲೀಸಾಗಿ ಬರುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸವೇ ಮೈಗೆ ತಪ್ಪಿಹೋಗುತ್ತದೆ, ಕರು ಹಾಕಿದ ದಿನ ಹಾಲಿಗೆ ಒಮ್ಮೆಲೇ ಬೇಕಾದಾಗ ಸಿಗುವುದಿಲ್ಲ, ಹಸು ಕುತ್ತಿಗೆ ಮಡಚಿಕೊಂಡು ಬಿದ್ದುಬಿಡುತ್ತದೆ. ಕೊಡುವುದಾದರೆ ಕರು ಹಾಕಿದ ಮೇಲೆ ಕೊಡಿ. ಬಿದ್ದ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಸುರಿಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಡಾಕ್ಟರ ಕೈಯಲ್ಲೇ ಆಗಬೇಕು, ಬೇಗ ಹೋದರೆ ಹೃದಯ ನಿಲ್ಲುತ್ತದೆ.

ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ, ಅದರ ಲೆಕ್ಕವೇ ಬೇರೆ. ಮೈಸೂರಿನ ಟಾಂಗಾ ಕುದುರೆಯಿಂದ ಹಿಡಿದು ತೋಟದಲ್ಲಿ ಪ್ರೀತಿಗೆ ಸಾಕಿದ ಕುದುರೆಯವರೆಗೆ ಸಾಮಾನ್ಯವಾಗಿ ಸಿಗುವುದು ಗೋಧಿ ಬೂಸಾ, ಬೇಯಿಸಿದ ಹುರುಳಿ, ಹಸಿ ಹುಲ್ಲು. ಬೂಸಾದಲ್ಲಿ ರಂಜಕ ಕ್ಯಾಲ್ಸಿಯಂಗಿಂತ ಸುಮಾರು ಹತ್ತು ಪಟ್ಟು. ಹುಲ್ಲು ನೇಪಿಯರ್ ಆದರೆ ಅದರ ಆಕ್ಸಲೇಟ್ ಇರುವ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ, ಕುದುರೆಯಲ್ಲಿ ಅದು ಸಾಲುವುದಿಲ್ಲ. ಆಗ ಮೈ ತನ್ನ ಮೂಳೆಯನ್ನೇ ಕರಗಿಸುತ್ತದೆ. ಕುಂಟು, ದವಡೆ ಮೂಳೆ ಎರಡೂ ಕಡೆ ಊದಿ ಮುಖ ದಪ್ಪಗಾಗುವುದು ಇದರಿಂದಲೇ. ಬೂಸಾ ಇಳಿಸಿ, ಕುದುರೆ ಮಸಾಲೆ ಸೊಪ್ಪು ಸೇರಿಸಿ, ಒಣ ಹುಲ್ಲು ಯಾವಾಗಲೂ ಮುಂದಿರಲಿ. ಉಪ್ಪು ದಿನಕ್ಕೆ 30 ಗ್ರಾಂ, ಬಿಸಿಲಲ್ಲಿ ಬೆವರು ಹರಿಸಿ ದುಡಿಯುವ ಕುದುರೆಗೆ ಇನ್ನೂ ಜಾಸ್ತಿ.

ಕೋಳಿ ಆಹಾರ, ಕೆಲವು ದನದ ಆಹಾರದಲ್ಲಿ ಮೊನೆನ್ಸಿನ್ ಅಂತ ಒಂದು ಔಷಧಿ ಹಾಕಿರುತ್ತಾರೆ. ಕೋಳಿಗೆ ಅದು ಒಳ್ಳೆಯದು, ಆದರೆ ಕುದುರೆ ಸ್ವಲ್ಪ ತಿಂದರೂ ಹೃದಯದ ಸ್ನಾಯು ಹಾಳಾಗಿ ಸಾಯುತ್ತದೆ. ಒಂದೇ ಕೊಠಡಿಯಲ್ಲಿ ಎಲ್ಲ ಮೂಟೆ ಇಡುವವರು ಕುದುರೆಯ ಮೂಟೆ, ಬಕೆಟ್, ಅಳತೆ ಪಾತ್ರೆ ಬೇರೆಯೇ ಮಾಡಿ.

ಬಿ ಕಾಂಪ್ಲೆಕ್ಸ್ ಟಾನಿಕ್ ದಿನಾ ಬೇಕಾ ಅಂತ ಕೇಳುತ್ತಾರೆ. ಚೆನ್ನಾಗಿ ಮೆಲುಕು ಹಾಕುವ ಪ್ರಾಣಿ ಬಿ ಗುಂಪಿನ ವಿಟಮಿನ್‌ಗಳನ್ನು ಹೊಟ್ಟೆಯಲ್ಲೇ ಮಾಡಿಕೊಳ್ಳುತ್ತದೆ. ಕಾಯಿಲೆ ಬಿದ್ದಾಗ, ಮೆಲುಕು ನಿಂತಾಗ, ಎಳೆ ಮರಿಗಳಿಗೆ ಡಾಕ್ಟರ್ ಬರೆದುಕೊಟ್ಟರೆ ಕೊಡಿ. ವಿಟಮಿನ್ ಎ ಮಾತ್ರ ಬೇಸಿಗೆಯಲ್ಲಿ ಯೋಚಿಸುವಂಥದ್ದು. ಎರಡು ಮೂರು ತಿಂಗಳು ಬರೀ ಒಣ ಹುಲ್ಲೇ ತಿಂದರೆ ಈರಲಿಯಲ್ಲಿ ಕೂಡಿಟ್ಟದ್ದು ಮುಗಿಯುತ್ತದೆ. ದಿನಕ್ಕೆ ಎರಡು ಹಿಡಿ ಹಸಿರು ಸೊಪ್ಪು ಸಿಕ್ಕರೂ ಮೇಕೆಗೆ ಅದರ ಚಿಂತೆ ಇಲ್ಲ.

ಖನಿಜ ಮಿಶ್ರಣ ಇವತ್ತು ಹಾಕಿದರೆ ನಾಳೆ ಕಾಣುವುದಿಲ್ಲ. ಮಣ್ಣು ತಿನ್ನುವುದು ಕೆಲವು ವಾರದಲ್ಲಿ ಕಡಿಮೆಯಾಗಬಹುದು, ಕೂದಲಿಗೆ ಹೊಳಪು ಬರಲು, ಹಸು ಸರಿಯಾಗಿ ಬೆದೆಗೆ ಬರಲು ಎರಡು ಮೂರು ತಿಂಗಳು ಬೇಕು. ಅಲ್ಲಿವರೆಗೆ ಕಂಪನಿ ಬದಲಿಸುತ್ತಾ ಹೋಗಬೇಡಿ, ಪ್ಯಾಕೆಟ್ ಒಡೆದ ತಾರೀಖು ಬರೆದಿಟ್ಟು ತೇವ ತಾಗದ ಡಬ್ಬಿಯಲ್ಲಿ ಮುಚ್ಚಿಡಿ. ಹುಳು ಔಷಧಿ, ಮೇವು, ಮಿಶ್ರಣ ಎಲ್ಲಾ ಸರಿಯಾಗಿದ್ದೂ ಮೂರು ತಿಂಗಳಲ್ಲಿ ಏನೂ ಬದಲಾಗಲಿಲ್ಲ ಅಂದರೆ ಕೊರತೆ ಖನಿಜದ್ದಲ್ಲದಿರಬಹುದು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಯಾವುದು ಹತ್ತಿರವೋ ಆ ಪಶು ವೈದ್ಯಕೀಯ ಕಾಲೇಜಿಗೆ ಪ್ರಾಣಿಯನ್ನು ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಹೋಗುವಾಗ ನೀವು ಹಾಕುತ್ತಿರುವ ಪ್ಯಾಕೆಟನ್ನೂ, ಒಂದು ಹಿಡಿ ಮೇವನ್ನೂ ಜೊತೆಗೆ ಒಯ್ಯಿರಿ.