ಬ್ಯಾಟರಿ ಹೊಸದು, ಸೆಲ್ಫ್ ಮಾತ್ರ ಹೊಡೀತಿರ್ಲಿಲ್ಲ

ಬೆಳಗ್ಗೆ ನನ್ನ ಟೂ ವೀಲರ್‌ನ ಸೆಲ್ಫ್ (ಸ್ಟಾರ್ಟ್ ಬಟನ್) ಒತ್ತಿದ್ರೆ ‘ಕಟ್ ಕಟ್’ ಸದ್ದು, ಅಷ್ಟೆ. ದಾವಣಗೆರೆಯ ಶೋರೂಮಿನವರು ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕಿ ಬಿಲ್ ಕೊಟ್ರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ರಾಗ. ಈ ಸಲ ಸ್ಟಾರ್ಟರ್ ಮೋಟರ್ ಬದಲಿಸಬೇಕಂತೆ! ವೋಲ್ಟ್ ಅಳೆಯೋ ಮೀಟರ್ ಹಿಡಿದು ನೋಡಿದವರು ಒಬ್ಬರೂ ಇಲ್ಲ.

ಮಂಡಿಪೇಟೆಗೆ ಹೋಗಿ ಸಾದಾ ಮಲ್ಟಿಮೀಟರ್ ತಂದೆ. ಗಾಡಿ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್, ಅಂದ್ರೆ ಫುಲ್. ಕಿಕ್ ಹೊಡೆದು ರೇಸ್ ಮಾಡಿದಾಗ 14ರ ಆಸುಪಾಸು, ಚಾರ್ಜಿಂಗೂ ಸರಿ. ಆಮೇಲೆ ಮೀಟರಿನ ಒಂದು ವೈರ್ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಮೈಗೆ ಹಿಡಿದು ಸೆಲ್ಫ್ ಒತ್ತಿದೆ. ಅರ್ಧ ವೋಲ್ಟ್ ಒಳಗಿರಬೇಕಾದ್ದು 2 ದಾಟಿತು. ಅಂದ್ರೆ ಬ್ಯಾಟರಿ ಮೈನಸ್‌ನ ಎಂಜಿನ್‌ಗೆ ಜೋಡಿಸೋ ಅರ್ಥ್ ವೈರ್ ದಾರೀಲೇ ವೋಲ್ಟ್ ಕಳೆದುಹೋಗ್ತಿತ್ತು. ಕಳ್ಳ ಸಿಕ್ಕ!

ಅರ್ಥ್ ವೈರಿನ ಬೋಲ್ಟ್ ಬಿಚ್ಚಿದ್ರೆ ಒಳಗೆಲ್ಲ ತುಕ್ಕು. ಎಮರಿ ಪೇಪರ್‌ನಲ್ಲಿ ಹೊಳೆಯೋವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲಿನ್ ಬಳಿದೆ. ಈಗ ಒಂದೇ ಒತ್ತಿಗೆ ಸ್ಟಾರ್ಟ್. (ಬಿಚ್ಚೋ ಮುಂಚೆ ಬ್ಯಾಟರಿಯ ಮೈನಸ್ ತೆಗೀರಿ.)

ಅಪ್ಪನ ಕಾಲದಿಂದ ನಮ್ಮನೇಲಿ ಇದೇ ಕಂಪನಿ ಗಾಡಿ. ಗಾಡಿ ಮೇಲೆ ಸಿಟ್ಟಿಲ್ಲ, ಆದ್ರೆ ಆ ಅಭಿಮಾನ ಡೀಲರ್‌ಗೂ ಯಾಕೆ? ನೀವು ಗಾಡಿನ ರಿಪೇರಿಗೆ ಬಿಟ್ಟು ಬರುವಾಗ ಜಾಬ್ ಕಾರ್ಡ್‌ನಲ್ಲಿ (ಶೋರೂಮಿನವರು ಕೆಲಸ ಬರೆದುಕೊಳ್ಳೋ ಚೀಟಿ) ತೊಂದರೆ ಏನಂತ ಬರೆಸಿ, ತೆಗೆದ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ.